ಮೃಗದ ಮನೆಯ ದೀಪಗಳು

ಕಥೆ ಹೇಳುವುದರಲ್ಲಿ ನಮ್ಮಜ್ಜಿಯದೊಂದು ಕಟ್ಟುಪಾಡಿತ್ತು. ಕೇಳುವವರು ‘ಹೂಂ’ಗುಟ್ಟುತ್ತಿರಬೇಕು. ಹೂಂಗುಟ್ಟುವುದು ನಿಂತರೆ ಕಥೆಯೂ ಅಲ್ಲಿಯೇ ನಿಲ್ಲುವುದು. ರಾಜಕುಮಾರನು ಏಳು ಸಮುದ್ರಗಳಲ್ಲಿ ಮೂರನೆಯದರ ನಡುವೆಯೇ ಈಜುತ್ತ ಇರಬೇಕಾದದ್ದು, ಮರುದಿನ ರಾತ್ರಿಯವರೆಗೆ. ನಮಗೆ ನಿದ್ದೆ ಬಂದಿದೆಯೆಂದು ತಿಳಿಯಲು ಆಕೆ ಮಾಡಿಕೊಂಡ ಉಪಾಯವೆಂದೇ ನಾನು ಬಹಳ ಕಾಲ ನಂಬಿದ್ದೆ. ಅದರಲ್ಲಿ ಒಂದು ಒಪ್ಪಂದವೂ ಅಡಗಿದೆಯೆಂದು ನನಗೆ ಹೊಳೆದದ್ದು ಯಾವ ಜಾನಪದ ಗ್ರಂಥದಿಂದಲೂ ಅಲ್ಲ. ಫ್ರೆಂಚ್ ಚಲಚ್ಚಿತ್ರವೊಂದರ ಮೊದಲ ಎರಡು ನಿಮಿಷಗಳಿಂದ.

ಆ ಚಿತ್ರ ‘ಲಾ ಬೆಲ್ ಎ ಲಾ ಬೆತ್’. ‘ಚೆಲುವೆ ಮತ್ತು ಮೃಗ’ ಎನ್ನೋಣ. ಅದನ್ನು ನಿರ್ದೇಶಿಸಿದವನು ಝಾನ್ ಕಾಕ್ತೊ. ಕವಿ, ನಾಟಕಕಾರ, ಚಿತ್ರಕಾರ, ಇನ್ನೂ ಏನೇನೋ. ಚಿತ್ರ ತೆರೆಗೆ ಬಂದದ್ದು 1946ರಲ್ಲಿ. ಮೊದಲಿಗೆ ಕಾಣುವುದು ಒಂದು ಕರಿಹಲಗೆ. ಕಾಕ್ತೊ ಸೀಮೆಸುಣ್ಣದಿಂದ ನಟನಟಿಯರ ಹೆಸರುಗಳನ್ನು ಬರೆಯುತ್ತಾನೆ, ಅವುಗಳನ್ನು ಒರೆಸಲಾಗುತ್ತದೆ. ಚಿತ್ರೀಕರಣ ಶುರುವಾಗುವ ಸದ್ದೂ ಆಗುತ್ತದೆ. ಅಷ್ಟರಲ್ಲಿ ‘ತಡೆಯಿರಿ’ ಎಂದವನೇ ಅವನು ಪ್ರೇಕ್ಷಕರಿಗೊಂದು ಬಿನ್ನವತ್ತಳೆಯನ್ನು ತನ್ನ ಕೈಬರಹದಲ್ಲಿಯೇ ತೋರಿಸುತ್ತಾನೆ. ಮಕ್ಕಳು ಹೇಳಿದ್ದನ್ನು ನಂಬುತ್ತಾರೆ. ಕಿತ್ತ ಒಂದು ಗುಲಾಬಿಯಿಂದ ಒಂದು ಸಂಸಾರಕ್ಕೇ ಕೇಡು ಬರಬಹುದೆಂಬುದನ್ನೂ ನಂಬುತ್ತಾರೆ. ನಿಮ್ಮಿಂದಲೂ ಅಂಥದೇ ಒಂದಿಷ್ಟನ್ನು ಬೇಡುತ್ತೇನೆ ಎಂಬುದು ಅದರ ತಾತ್ಪರ್ಯ. ಅಂದರೆ ‘ಹೂಂ’ ಎನ್ನಿ ಎಂದು ಕೇಳುತ್ತಿದ್ದಾನೆ! ಅದಾದ ಮೇಲೆಯೇ ‘ಒಂದಾನೊಂದು ಕಾಲದಲ್ಲಿ’.

ಐವತ್ತಾರು ವರ್ಷದ ಕವಿಯೊಬ್ಬ ಯಾರನ್ನು ಹೀಗೆ ಕೇಳಿಕೊಂಡ ಎಂಬುದನ್ನು ನೆನೆದರೆ ಈ ಬಿನ್ನಹದ ತೂಕ ತಿಳಿದೀತು. ಪ್ಯಾರಿಸ್ ನಗರ ಜರ್ಮನರಿಂದ ಬಿಡುಗಡೆಯಾದದ್ದು 1944ರ ಆಗಸ್ಟಿನಲ್ಲಿ. ಸರಿಯಾಗಿ ಒಂದು ವರ್ಷದ ಮೇಲೆ, 1945ರ ಆಗಸ್ಟ್ ಕೊನೆಯಲ್ಲಿ, ಲ್ವಾರ್ ನದಿಯ ಕಡೆ ತೂರ್ ಪಟ್ಟಣಕ್ಕೆ ಹತ್ತಿರದ ರೋಶ್‌ಕೋರ್ಬೋ ಎಂಬ ಹಳ್ಳಿಯಲ್ಲಿ ಈ ಚಿತ್ರದ ಕೆಲಸ ಆರಂಭವಾಯಿತು. ನಾಲ್ಕು ವರ್ಷ ಪರರ ಬೂಟಿನ ಕೆಳಗಿದ್ದ ಜನ. ಯಾರು ಯಾರನ್ನು ಹಿಡಿದುಕೊಟ್ಟರು, ಯಾರು ಬಾಯಿ ಮುಚ್ಚಿಕೊಂಡಿದ್ದರು ಎಂಬ ಲೆಕ್ಕಾಚಾರ ಊರೂರುಗಳಲ್ಲಿಯೂ ನಡೆಯುತ್ತಿದ್ದ ಕಾಲ. ಆಹಾರಕ್ಕೆ ಪಡಿತರ ಚೀಟಿ. ಅದು 1949ರವರೆಗೂ ಹೋಗಲಿಲ್ಲ. ಇಂಥವರ ಮುಂದೆ ನಿಂತು ಒಂದು ಗುಲಾಬಿಯ ಕಥೆ ಹೇಳುತ್ತೇನೆ, ನಂಬಿ ಎನ್ನುವುದು ಧೈರ್ಯವೋ ಭಂಡತನವೋ?

ಈ ಪ್ರಶ್ನೆಯಿಂದ ಕಾಕ್ತೊವನ್ನು ಸುಲಭವಾಗಿ ಬಿಡಿಸುವಂತಿಲ್ಲ. ಹಿಟ್ಲರನಿಗೆ ಅಚ್ಚುಮೆಚ್ಚಾದ ಶಿಲ್ಪಿ ಆರ್ನೊ ಬ್ರೆಕರನ ಪ್ರದರ್ಶನ 1942ರಲ್ಲಿ ಪ್ಯಾರಿಸ್ಸಿನಲ್ಲಿ ನಡೆದಾಗ ಅವನನ್ನು ಹಾಡಿ ಹೊಗಳಿ ಲೇಖನ ಬರೆದವನು ಈತನೇ. ನಾಟ್ಸಿಗಳ ಪರವಾಗಿದ್ದ ಪತ್ರಿಕೆಗಳು ಇದೇ ಕಾಕ್ತೊವಿನ ಮೇಲೆ ಕೆಸರೆರಚುತ್ತಿದ್ದವೆಂಬುದೂ ನಿಜ. ಬಿಡುಗಡೆಯಾದ ಮೇಲೆ ನಡೆದ ವಿಚಾರಣೆಯಲ್ಲಿ ಅವನು ನಿರ್ದೋಷಿಯೆಂದಾದದ್ದೂ ನಿಜ. ಆದರೂ ಆ ಲೇಖನ ಅಳಿಸಿಹೋಗಲಿಲ್ಲ. ನಾನು ಈ ಚಿತ್ರವನ್ನು ಎಂಎ ಓದುವಾಗ ಬೆಂಗಳೂರಿನ ಒಂದು ಚಿತ್ರಸಮಾಜದಲ್ಲಿ ಮೊದಲು ನೋಡಿದಾಗ ಈ ಸಂಗತಿಯನ್ನು ಯಾರೋ ಹೇಳಿದ್ದರಿಂದ, ಇದು ಹೊಣೆಯಿಂದ ಜಾರಿಕೊಂಡವನ ಕನಸು ಎಂದು ತೀರ್ಮಾನಿಸಿ, ಹಾಗೆಂದು ಒಂದು ಲೇಖನವನ್ನೂ ಬರೆದಿದ್ದೆ. ಪುಣ್ಯಕ್ಕೆ ಅದು ಎಲ್ಲಿಯೂ ಅಚ್ಚಾಗಲಿಲ್ಲ.

ಏಕೆಂದರೆ ನಾನು ಆಗ ಒಂದು ಸಂಗತಿಯನ್ನು ಗಮನಿಸಿರಲಿಲ್ಲ. ಇದೇ ಚಿತ್ರದ ಛಾಯಾಗ್ರಾಹಕ ಆನ್ರಿ ಅಲೆಕಾನ್. ತಾಂತ್ರಿಕ ಸಲಹೆಗಾರ ರೆನೆ ಕ್ಲೆಮಾನ್. ಇವರಿಬ್ಬರೂ ಅದೇ ಕಾಲದಲ್ಲಿ ‘ರೈಲಿನ ಕಾಳಗ’ ಎಂಬ ಇನ್ನೊಂದು ಚಿತ್ರವನ್ನು ಮಾಡಿದರು. ಕ್ಲೆಮಾನ್ ಅದರ ನಿರ್ದೇಶಕ, ಅಲೆಕಾನ್ ಛಾಯಾಗ್ರಾಹಕ. ಜರ್ಮನರ ಸಾಗಾಟವನ್ನು ಕೆಡಿಸಿದ ಫ್ರಾನ್ಸಿನ ರೈಲ್ವೆ ಕೆಲಸಗಾರರ ಸಾಹಸವೇ ಅದರ ವಸ್ತು; ಇಡೀ ಚಿತ್ರ ವಾರ್ತಾಚಿತ್ರದಂತೆ ಒರಟು, ನೇರ. 1946ರಲ್ಲಿ ಮೊಟ್ಟಮೊದಲ ಕಾನ್ ಚಲಚ್ಚಿತ್ರೋತ್ಸವ ನಡೆದಾಗ ಎರಡೂ ಚಿತ್ರಗಳು ಅಲ್ಲಿದ್ದವು. ಕ್ಲೆಮಾನನಿಗೆ ಶ್ರೇಷ್ಠ ನಿರ್ದೇಶಕನ ಬಹುಮಾನ ಬಂದಿತು. ಕಾಕ್ತೊವಿನ ಚಿತ್ರಕ್ಕೆ ಅದೇ ವರ್ಷ ಫ್ರಾನ್ಸಿನ ಲೂಯಿ ದೆಲ್ಲುಕ್ ಪ್ರಶಸ್ತಿ ದೊರೆಯಿತು. ಒಂದೇ ಜೊತೆ ಕಣ್ಣುಗಳು ಒಂದು ಕಡೆ ರೈಲು ಹಳಿಯನ್ನೂ ಇನ್ನೊಂದು ಕಡೆ ಮಾಯದ ಕೋಟೆಯನ್ನೂ ನೋಡಿದವು. ಹೀಗಿರುವಾಗ ಒಂದು ಸತ್ಯ, ಇನ್ನೊಂದು ಪಲಾಯನ ಎಂದು ಗೆರೆ ಎಳೆಯುವುದು ನನ್ನಂಥ ವಿದ್ಯಾರ್ಥಿಯ ಕೆಲಸವಾಗಬಹುದೇ ಹೊರತು ಆ ಕ್ಯಾಮರಾದ ಹಿಂದೆ ನಿಂತವನದಲ್ಲ.

ಕಥೆಯನ್ನು ಬಲ್ಲವರೇ ಹೆಚ್ಚು. ಆದರೂ ಎರಡು ಮಾತು. ಹಡಗುಗಳು ಮುಳುಗಿ ಸಾಲದಲ್ಲಿ ಬಿದ್ದ ವರ್ತಕ. ಅವನಿಗೆ ಬಿಂಕದ ಹೆಣ್ಣುಮಕ್ಕಳಿಬ್ಬರು, ಕೈಲಾಗದ ಒಬ್ಬ ಮಗ, ಮನೆಯ ನೆಲ ತಿಕ್ಕುವ ಚೆಲುವೆಯೊಬ್ಬಳು. ಕಾಡಿನಲ್ಲಿ ದಾರಿ ತಪ್ಪಿದ ವರ್ತಕ ಒಂದು ಕೋಟೆಯನ್ನು ಹೊಕ್ಕು, ಬೆಳಗಾದ ಮೇಲೆ ಮಗಳು ಕೇಳಿದ್ದಳೆಂದು ಒಂದು ಗುಲಾಬಿ ಕೀಳುತ್ತಾನೆ. ಕೋಟೆಯ ಒಡೆಯ ಮೃಗ ಎದುರು ನಿಂತು, ನಿನ್ನ ಪ್ರಾಣ ಕೊಡು, ಇಲ್ಲವೆ ಮಗಳೊಬ್ಬಳನ್ನು ಕಳುಹಿಸು ಎನ್ನುತ್ತದೆ. ಚೆಲುವೆ ಹೋಗುತ್ತಾಳೆ. ಈ ಕಥೆಯನ್ನು ಪೆರೋ ಬರೆದನೆಂದು ಹಲವರು ಹೇಳುವುದುಂಟು, ಅದು ತಪ್ಪು. ಪೆರೋ 1703ರಲ್ಲಿಯೇ ತೀರಿಕೊಂಡವನು. ಇದನ್ನು ಬರೆದವರು ಇಬ್ಬರು ಹೆಂಗಸರು. 1740ರಲ್ಲಿ ಮದಾಂ ದ ವಿಲ್‌ನವ್ ಇದನ್ನು ದೀರ್ಘವಾಗಿ ಬರೆದಳು. ಲಂಡನ್ನಿನಲ್ಲಿ ಹೆಣ್ಣುಮಕ್ಕಳಿಗೆ ಪಾಠ ಹೇಳುತ್ತಿದ್ದ ಮದಾಂ ಲ್ಯಪ್ರ್ಯಾನ್ಸ್ ದ ಬೋಮೋ 1756ರಲ್ಲಿ ಅದನ್ನು ಕತ್ತರಿಸಿ, ಮಕ್ಕಳಿಗೆ ಒಗ್ಗುವಂತೆ ಚಿಕ್ಕದಾಗಿ ಮಾಡಿದಳು. ಕಾಕ್ತೊ ಹಿಡಿದದ್ದು ಈ ಎರಡನೆಯವಳ ಪಾಠವನ್ನು.

ಬೇರು ಇನ್ನೂ ಹಿಂದಕ್ಕೆ ಹೋಗುತ್ತದೆ. ಎರಡನೆಯ ಶತಮಾನದ ಲ್ಯಾಟಿನ್ ಲೇಖಕ ಅಪುಲೆಯಸ್ ಹೇಳಿದ ಕ್ಯುಪಿಡ್ ಮತ್ತು ಸೈಕಿಯ ಕಥೆಯಲ್ಲಿಯೂ ಹುಡುಗಿಯೊಬ್ಬಳು ಮುಖ ಕಾಣದ ಗಂಡನ ಅರಮನೆಯಲ್ಲಿರುತ್ತಾಳೆ; ಅಲ್ಲಿ ಊಳಿಗ ಮಾಡುವವರು ಕಣ್ಣಿಗೆ ಕಾಣುವುದಿಲ್ಲ. ಪ್ರಾಣಿಯಾಗಿ ಬರುವ ಗಂಡನ ಕಥೆಗಳು ಲೋಕದಲ್ಲೆಲ್ಲ ಉಂಟು. ಹಾವು ಗಂಡನ ರೂಪ ತಾಳಿ ಬರುವ ನಮ್ಮ ಕಥೆಯನ್ನು ಎ. ಕೆ. ರಾಮಾನುಜನ್ ಅವರಿಂದ ಕೇಳಿಯೇ ಅಲ್ಲವೆ ಗಿರೀಶ ಕಾರ್ನಾಡರು ‘ನಾಗಮಂಡಲ’ವನ್ನು ಬರೆದದ್ದು? ಅಲ್ಲಿಯೂ ರಾತ್ರಿ ದೀಪದ ಕುಡಿಗಳು ಒಂದೆಡೆ ಸೇರಿ ಮಾತನಾಡುತ್ತವೆ.

ದೀಪದ ಮಾತು ಬಂದುದರಿಂದ ಚಿತ್ರದ ಆ ಹೆಸರಾದ ದೃಶ್ಯವನ್ನು ಹೇಳಿಬಿಡಬೇಕು. ವರ್ತಕ ಕೋಟೆಯ ಬಾಗಿಲು ದಾಟಿ ಕತ್ತಲೆಯ ಪಡಸಾಲೆಗೆ ಕಾಲಿಡುತ್ತಾನೆ. ಗೋಡೆಯಿಂದ ಹೊರಟ ಬರಿಯ ತೋಳುಗಳು ಮೇಣದ ದೀಪಗಳ ಕವಲುಗಂಬಗಳನ್ನು ಹಿಡಿದು ನಿಂತಿವೆ. ಅವನು ಒಂದೊಂದು ಹೆಜ್ಜೆ ಮುಂದಿಟ್ಟಂತೆ ಒಂದೊಂದು ದೀಪ ತಾನಾಗಿ ಹೊತ್ತಿಕೊಳ್ಳುತ್ತದೆ. ಊಟದ ಮೇಜಿನ ನಡುವಿನಿಂದ ಬಂದ ಕೈಯೊಂದು ದ್ರಾಕ್ಷಾರಸವನ್ನು ಬಗ್ಗಿಸುತ್ತದೆ. ಒಲೆಯ ಪಕ್ಕದ ಶಿಲಾಮುಖಗಳು ಕಣ್ಣು ಹೊರಳಿಸಿ ನೋಡುತ್ತವೆ, ಮೂಗಿನಿಂದ ಹೊಗೆ ಬಿಡುತ್ತವೆ. ಇದನ್ನೆಲ್ಲ ಮಾಡಿದ್ದು ಹೇಗೆ? ಗೋಡೆಯ ಹಿಂದೆ ನಿಂತ ಜನ ತೂತಿನಿಂದ ತೋಳು ಚಾಚಿದ್ದರು. ಆ ಮುಖಗಳೂ ಬಣ್ಣ ಬಳಿದುಕೊಂಡ ಮನುಷ್ಯರವೇ. ದೀಪಗಳನ್ನು ಮೊದಲೇ ಹೊತ್ತಿಸಿಟ್ಟು, ನಟನನ್ನು ಹಿಂದು ಹಿಂದಕ್ಕೆ ನಡೆಸಿ, ಅವನು ದಾಟಿದಂತೆಲ್ಲ ಒಂದೊಂದನ್ನು ಆರಿಸಿದರು. ಆಮೇಲೆ ಆ ಸುರುಳಿಯನ್ನು ತಿರುಗುಮುರುಗಾಗಿ ಓಡಿಸಿದರು. ಆರಿದ ದೀಪ ಹೊತ್ತಿತು. ಅಷ್ಟೇ! ಚೆಲುವೆ ಮೊದಲ ಸಲ ಕೋಟೆಗೆ ಬಂದಾಗ, ಪರದೆಗಳು ಹಾರಾಡುವ ಓಣಿಯಲ್ಲಿ ಅವಳು ನಡೆಯುವುದಿಲ್ಲ, ತೇಲಿ ಬರುತ್ತಾಳೆ. ಅವಳನ್ನು ಗಾಲಿಯ ಹಲಗೆಯ ಮೇಲೆ ನಿಲ್ಲಿಸಿ ಎಳೆದರು. ನಮ್ಮ ಹಳ್ಳಿಯ ಬಯಲಾಟದ ಮೇಳದವರಿಗೆ ಹೇಳಿದ್ದರೆ ಅವರೂ ಮಾಡಿಕೊಡಬಹುದಾಗಿದ್ದ ಕೆಲಸ.

ಆದರೆ ನೋಡಿ, ಗುಟ್ಟು ತಿಳಿದ ಮೇಲೆಯೂ ಮಾಯೆ ಹೋಗುವುದಿಲ್ಲ. ಇಂದಿನ ಗಣಕಯಂತ್ರದ ಚಮತ್ಕಾರಗಳನ್ನು ಕಂಡಾಗ ನನಗೆ ಬೆರಗಾಗುವುದು ಒಂದು ಸಲ ಮಾತ್ರ. ಇಲ್ಲಿ ಹಾಗಲ್ಲ. ಆ ತೋಳುಗಳು ನಿಜವಾದ ತೋಳುಗಳು. ದಣಿಯುವ, ಸಣ್ಣಗೆ ನಡುಗುವ ತೋಳುಗಳು. ಹಿಂದಕ್ಕೆ ನಡೆದದ್ದನ್ನು ಮುಂದಕ್ಕೆ ತಿರುಗಿಸಿದ್ದರಿಂದ ವರ್ತಕನ ನಡೆಯಲ್ಲಿ ಹೇಳಲಾರದ ಒಂದು ಅಳುಕು ಸೇರಿಕೊಂಡಿದೆ. ಬೇಡವೆನ್ನುವ ಕಾಲುಗಳನ್ನು ಯಾರೋ ಮುಂದಕ್ಕೆ ಸೆಳೆದಂತೆ ಕಾಣುತ್ತದೆ. ಅದ್ಭುತಕ್ಕೆ ವಿಸ್ಮಯವೇ ಸ್ಥಾಯಿಯೆಂದು ನಮ್ಮ ಆಲಂಕಾರಿಕರು ಹೇಳಿದರು. ವಿಸ್ಮಯಕ್ಕೆ ಒಂದಿಷ್ಟು ಭಯದ ಒಗ್ಗರಣೆಯೂ ಬೇಕೆಂಬುದನ್ನು ಈ ದೃಶ್ಯ ಕಲಿಸುತ್ತದೆ.

ಅಲೆಕಾನನ ಬೆಳಕೂ ಇದಕ್ಕೆ ಕಾರಣ. ಯಕ್ಷಕಥೆಯೆಂದೊಡನೆ ಛಾಯಾಗ್ರಾಹಕರು ಎಲ್ಲವನ್ನೂ ಮಂಜಿನಲ್ಲಿ ಅದ್ದಿಬಿಡುತ್ತಾರೆ. ಕಾಕ್ತೊ ಅದನ್ನು ಬಿಲ್‌ಕುಲ್ ಒಪ್ಪಲಿಲ್ಲ. ಮಾಯೆಯನ್ನು ಇದ್ದದ್ದು ಇದ್ದಂತೆ, ಗೆರೆ ಕೊರೆದಷ್ಟು ಸ್ಪಷ್ಟವಾಗಿ ತೋರಿಸಬೇಕೆಂದು ಹಟ ಹಿಡಿದ. ವರ್ತಕನ ಮನೆಗೆ ಹಾಲೆಂಡಿನ ವರ್ಮೀರನ ಚಿತ್ರಗಳು ಮಾದರಿ. ಮೃಗದ ಕೋಟೆಗೆ ಗುಸ್ತಾವ್ ದೊರೆಯ ಕೊರೆಚಿತ್ರಗಳು. ಆದ್ದರಿಂದಲೇ ಮನೆಯೊಳಗೆ ಕಿಟಕಿಯಿಂದ ಬಿದ್ದ ಹಗಲ ಬೆಳಕು ನೆಲದಲ್ಲಿ ಹೊಳೆಯುತ್ತದೆ. ಕೋಟೆಯಲ್ಲಿ ಕತ್ತಲೆಯೇ ಗೋಡೆಯಾಗಿ ನಿಂತು, ಅದರಲ್ಲಿ ಒಂದು ಮುತ್ತಿನ ಸರ, ಒಂದು ಬಿಳಿಯ ಕೊರಳುಪಟ್ಟಿ, ಒಂದು ಜೊತೆ ಕಣ್ಣು ಮಾತ್ರ ಬೆಳಗುತ್ತವೆ. ಇದಕ್ಕೆ ಬಣ್ಣ ಹಚ್ಚಿದ್ದರೆ ಏನು ಗತಿಯಾಗುತ್ತಿತ್ತೋ! ನಿಜವಾದ ಕೆಂಪು ಗುಲಾಬಿಯನ್ನು ತೋಟದಲ್ಲಿ ದಿನವೂ ನೋಡುತ್ತೇವೆ. ಕಪ್ಪುಬಿಳುಪಿನ ಗುಲಾಬಿಯ ಕೆಂಪನ್ನು ನಾವೇ ತುಂಬಿಕೊಳ್ಳಬೇಕು. ಅದೂ ಒಂದು ಬಗೆಯ ‘ಹೂಂ’ಕಾರವೇ.

ಕೋಟೆಯ ಹೊರನೋಟವನ್ನು ತೆಗೆದದ್ದು ಪ್ಯಾರಿಸ್ಸಿನ ಉತ್ತರಕ್ಕಿರುವ ರರೇ ಎಂಬಲ್ಲಿ. ಅಲ್ಲಿನ ಹಳೆಯ ಗೋಡೆಯ ಮೇಲೆ ಕಲ್ಲಿನ ಬೇಟೆನಾಯಿಗಳು ಸಾಲಾಗಿ ಕುಳಿತಿವೆ. ರಂಗಸಜ್ಜು ಕ್ರಿಸ್ತಿಯಾನ್ ಬೆರಾರನದು. ಉಡುಪುಗಳು ಪಾಕ್ಯಾನ್ ಎಂಬ ಹೆಸರಾದ ಉಡುಪಿನ ಮನೆಯಲ್ಲಿ ಸಿದ್ಧವಾದವು. ಮುಂದೆ ಜಗತ್ಪ್ರಸಿದ್ಧನಾದ ಪಿಯೆರ್ ಕಾರ್ದ್ಯಾನ್, ಆಗ ಇಪ್ಪತ್ಮೂರು ವರ್ಷದ ಹುಡುಗ, ಅಲ್ಲಿ ಕೆಲಸಕ್ಕಿದ್ದ. ಸಂಗೀತ ಝೋರ್ಝ್ ಓರಿಕನದು. ಇಷ್ಟೆಲ್ಲ ವೈಭವ ತೆರೆಯ ಮೇಲೆ. ತೆರೆಯ ಹಿಂದೆ ಇದ್ದದ್ದು ಬರಗಾಲ. ವಿದ್ಯುತ್ತು ಹೇಳದೆ ಕೇಳದೆ ಹೋಗುತ್ತಿತ್ತು. ಕ್ಯಾಮರಾಗಳು ಹಳೆಯವು, ನಡುವೆ ಸಿಕ್ಕಿಹಾಕಿಕೊಳ್ಳುತ್ತಿದ್ದವು. ಫಿಲ್ಮು ಸಿಕ್ಕಿದ ಕಡೆ ಸಿಕ್ಕಿದಷ್ಟು. ಅಂಗಳದಲ್ಲಿ ಒಗೆದ ಬಟ್ಟೆ ಹರವಿದ ದೃಶ್ಯಕ್ಕೆ ತೇಪೆಯಿಲ್ಲದ ಹಾಸುಬಟ್ಟೆಗಳನ್ನು ಹೊಂದಿಸುವುದೇ ಒಂದು ಸಾಹಸವಾಯಿತು. ಇವನ್ನೆಲ್ಲ ಕಾಕ್ತೊ ದಿನಚರಿಯಲ್ಲಿ ಬರೆದಿಟ್ಟು, ಚಿತ್ರ ಬಂದ ವರ್ಷವೇ ಪುಸ್ತಕವಾಗಿ ಹೊರತಂದ. ಆ ದಿನಚರಿಯನ್ನು ಓದಿದ ಮೇಲೆಯೇ ನನ್ನ ಹಳೆಯ ತೀರ್ಪು ಸಡಿಲವಾದದ್ದು.

ಏಕೆಂದರೆ ಅದು ಕನಸುಗಾರನ ದಿನಚರಿಯಲ್ಲ, ರೋಗಿಯೊಬ್ಬನದು. ಚಿತ್ರ ಮುಂದುವರಿದಂತೆ ಕಾಕ್ತೊವಿನ ಮೈಮುಖವೆಲ್ಲ ಹುಣ್ಣು, ಕಜ್ಜಿ, ಬಾವು. ಅಕ್ಟೋಬರಿನಲ್ಲಿ ಅವನು ಪಾಸ್ತರ್ ಸಂಸ್ಥೆಯ ಆಸ್ಪತ್ರೆ ಸೇರಬೇಕಾಯಿತು; ಆಗಿನ್ನೂ ಅಪರೂಪವಾಗಿದ್ದ ಪೆನಿಸಿಲಿನ್ನನ್ನು ಅವನಿಗೆ ಚುಚ್ಚಿದರು. ಅವನಿಲ್ಲದಾಗ ಕೆಲಸ ನಡೆಸಿದವನು ಕ್ಲೆಮಾನ್. ಅತ್ತ ಮೃಗದ ಪಾತ್ರ ವಹಿಸಿದ ಝಾನ್ ಮಾರೆಯ ಪಾಡೂ ಸುಖವಾಗಿರಲಿಲ್ಲ. ಅವನು ಸ್ಫುರದ್ರೂಪಿ, ಫ್ರಾನ್ಸಿನ ಹೆಂಗಸರು ಅವನ ಮುಖಕ್ಕಾಗಿಯೇ ಚಿತ್ರಮಂದಿರಕ್ಕೆ ಹೋಗುತ್ತಿದ್ದರು. ಆ ಮುಖದ ಮೇಲೆ ಹಾಗೋಪ್ ಅರಾಕೆಲಿಯನ್ ಎಂಬ ಪ್ರಸಾಧನಕಾರ ದಿನವೂ ಮೃಗದ ರೋಮವನ್ನು ಅಂಟಿಸುತ್ತಿದ್ದ. ಮುಖಕ್ಕೆ 3 ಗಂಟೆ, ಒಂದೊಂದು ಕೈಗೆ 1 ಗಂಟೆ, ಒಟ್ಟು 5 ಗಂಟೆ. ಅದನ್ನು ಕಟ್ಟಿಕೊಂಡು ಅಗಿದು ತಿನ್ನುವಂತಿಲ್ಲ. ಹಿಚುಕಿದ ಮೆದು ಆಹಾರವೇ ಗತಿ. ಮಾರೆಗೆ ಮೊದಲು ಜಿಂಕೆಯ ತಲೆಯ ಮೃಗವಾಗುವ ಆಸೆಯಿತ್ತಂತೆ. ಬೆರಾರ್ ಬೇಡವೆಂದ. ಹುಲ್ಲು ತಿನ್ನುವ ಪ್ರಾಣಿಯನ್ನು ಕಂಡರೆ ಯಾರಿಗೆ ಹೆದರಿಕೆ? ಮಾಂಸ ತಿನ್ನುವ ಪ್ರಾಣಿಯೇ ಆಗಬೇಕು. ಅವನು ಹೇಳಿದ್ದು ಸರಿ. ಬೇಟೆಯಾಡಿ ಬಂದ ಮೃಗ, ಕೊಂದ ಕೈಗಳಿಂದ ಹೊಗೆಯೇಳುತ್ತಿರಲು, ಚೆಲುವೆಯ ಬಾಗಿಲಲ್ಲಿ ನಾಚಿ ನಿಲ್ಲುವುದನ್ನು ಜಿಂಕೆಯ ತಲೆಯಿಂದ ಮಾಡಿಸಲಾಗುತ್ತಿರಲಿಲ್ಲ. ಇನ್ನೊಂದೆಡೆ ಅದೇ ಮೃಗ ಅವಳ ಬೊಗಸೆಯಿಂದ ನೀರು ಕುಡಿಯುತ್ತದೆ. ಅಷ್ಟು ರೋಮದ ನಡುವೆ ಮಾರೆಗೆ ಉಳಿದದ್ದು ಎರಡು ಕಣ್ಣು, ಒಂದು ದನಿ. ತನ್ನ ನಿಜವಾದ ಮುಖದಿಂದ ಅವನು ಯಾವ ಚಿತ್ರದಲ್ಲಿಯೂ ಇಷ್ಟು ಚೆನ್ನಾಗಿ ನಟಿಸಲಿಲ್ಲವೆಂಬುದು ನನ್ನ ಅಭಿಪ್ರಾಯ.

ಮುಖದ ಮೇಲೆ ಅಂಟಿಸಿಕೊಂಡ ಕುರೂಪದ ನಟ, ಮುಖದ ಮೇಲೆಯೇ ಹುಟ್ಟಿದ ಕುರೂಪದ ನಿರ್ದೇಶಕ. ತನ್ನ ಮುಖವನ್ನು ಕನ್ನಡಿಯಲ್ಲಿ ನೋಡಿಕೊಳ್ಳಲು ಹೇಸುತ್ತಿದ್ದವನು ಮಾಡಿದ ಚಿತ್ರವಿದು ಎಂಬುದು ತಿಳಿದ ಮೇಲೆ ಅದನ್ನು ಜಾರಿಕೊಳ್ಳುವಿಕೆ ಎನ್ನಲು ನಾಲಿಗೆ ಏಳಲಿಲ್ಲ. ಬ್ರೆಕರನ ಲೇಖನವನ್ನು ಇದು ಮನ್ನಿಸುತ್ತದೆಂದಲ್ಲ. ಆ ಲೇಖನ ಹೊಗಳಿದ್ದು ದೋಷವಿಲ್ಲದ ಅಂಗಸೌಷ್ಠವದ ಶಿಲ್ಪಗಳನ್ನು. ಈ ಚಿತ್ರದ ಒಲವು ಇರುವುದು ರೋಮ ತುಂಬಿದ, ನಾಚಿಕೆಪಡುವ ದೇಹದ ಕಡೆಗೆ. ಇವೆರಡರ ನಡುವೆ ಅವನೊಳಗೆ ಏನು ನಡೆಯಿತೋ, ಅದನ್ನು ಊಹಿಸುವುದು ನನ್ನ ಕೆಲಸವಲ್ಲ.

ಹೋದ ವರ್ಷ ನಮ್ಮ ಕಾಲೇಜಿನಲ್ಲಿ ಜಾನಪದ ಕಥೆಗಳ ಪಾಠ ಮಾಡುತ್ತಿದ್ದಾಗ ಈ ಚಿತ್ರವನ್ನು ತರಗತಿಗೆ ತೋರಿಸಿದೆ. ಕಪ್ಪುಬಿಳುಪು ಎಂದೊಡನೆ ಹಿಂದಿನ ಬೆಂಚುಗಳಿಂದ ನಿಟ್ಟುಸಿರು ಬಂದಿತು. ದೀಪಗಳು ಹೊತ್ತಿಕೊಳ್ಳತೊಡಗಿದಾಗ ಮೊಬೈಲುಗಳ ಬೆಳಕು ಒಂದೊಂದಾಗಿ ಆರಿತು. ಒಂದೂವರೆ ಗಂಟೆಯ ಮೇಲೆ ಚಿತ್ರ ಮುಗಿದು ಕಿಟಕಿ ತೆರೆದಾಗ, ಮುಂದಿನ ಸಾಲಿನ ಹುಡುಗಿಯೊಬ್ಬಳು ಎದ್ದು, “ಸರ್, ಗುಲಾಬಿ ಕದ್ದದ್ದು ಅಪ್ಪ. ದಂಡ ತೆತ್ತದ್ದು ಮಗಳು. ಇದನ್ನು ಚೆಂದದ ಕಥೆ ಅಂತ ಹೇಗೆ ಹೇಳ್ತೀರಿ?” ಎಂದಳು.

ಮೇಷ್ಟರಾದವರಿಗೆ ಇಂಥ ಹೊತ್ತಿನಲ್ಲಿ ನೂರು ಉತ್ತರಗಳು ನಾಲಿಗೆಯ ತುದಿಗೆ ಬರುತ್ತವೆ. ನಾನೂ ಹೇಳಿದೆ. ಈ ಕಥೆ ಬರೆದ ಕಾಲದಲ್ಲಿ ಫ್ರಾನ್ಸಿನ ಉಳ್ಳವರ ಮನೆಗಳಲ್ಲಿ ಹೆಣ್ಣುಮಕ್ಕಳ ಮದುವೆ ತಂದೆಯ ವ್ಯವಹಾರವೇ ಆಗಿತ್ತು. ಅಪರಿಚಿತನ ಮನೆಗೆ ಒಬ್ಬಳೇ ಹೋಗಬೇಕಾದ ಹುಡುಗಿಯ ದಿಗಿಲನ್ನೇ ಆ ಇಬ್ಬರು ಹೆಂಗಸರು ಬರೆದದ್ದು. ಚಿತ್ರದಲ್ಲಿ ತಂದೆ ಅವಳನ್ನು ಕಳುಹಿಸುವುದಿಲ್ಲ, ಅವಳೇ ರಾತ್ರಿ ಯಾರಿಗೂ ಹೇಳದೆ ಕುದುರೆಯೇರಿ ಹೋಗುತ್ತಾಳೆ. ಅಲ್ಲಿ ಮೃಗ ದಿನವೂ ಸಂಜೆ ಏಳು ಗಂಟೆಗೆ ಬಂದು, ನನ್ನ ಹೆಂಡತಿಯಾಗುತ್ತೀಯಾ ಎಂದು ಕೇಳುತ್ತದೆ, ಅವಳು ಇಲ್ಲವೆನ್ನುತ್ತಾಳೆ, ಅದು ತಲೆತಗ್ಗಿಸಿ ಹೊರಟುಹೋಗುತ್ತದೆ. ಕೇಳುವುದನ್ನು, ಇಲ್ಲವೆಂದರೆ ಹಿಂದೆ ಸರಿಯುವುದನ್ನು ಬಲ್ಲ ಗಂಡು ಆ ಕಥೆಯಲ್ಲಿ ಅದೊಂದೇ. ಅವಳ ಅಣ್ಣನ ಗೆಳೆಯ ಅವೆನಾಂಗೆ ಸುಂದರ ಮುಖವಿದೆ, ಆದರೆ ಈ ಗುಣವಿಲ್ಲ. ಬೋಮೋಳ ಕಥೆಯಲ್ಲಿಲ್ಲದ ಈ ಅವೆನಾಂ ಕಾಕ್ತೊವಿನದೇ ಸೃಷ್ಟಿ. ಆ ಪಾತ್ರವನ್ನೂ ಮಾರೆಯೇ ವಹಿಸಿದ್ದಾನೆ.

ಹುಡುಗಿ ಕೇಳಿಕೊಂಡಳು, ಒಪ್ಪಲಿಲ್ಲ. “ಹೋಗದಿದ್ದರೆ ಅಪ್ಪ ಸಾಯ್ತಾನೆ ಅನ್ನೋದು ಗೊತ್ತಿದ್ದು ಹೋದರೆ, ಅವಳೇ ಹೋದಳು ಅಂತ ಹೇಗಾಗುತ್ತೆ ಸರ್?” ಎಂದಳು. ನನ್ನಲ್ಲಿ ಇದಕ್ಕೆ ಉತ್ತರವಿರಲಿಲ್ಲ. ಆ ಹುಡುಗಿಗೆ ಆ ವರ್ಷವೇ ಮದುವೆ ಗೊತ್ತಾಗಿತ್ತೆಂದು, ಅವಳು ಓದು ನಿಲ್ಲಿಸುವ ಮಾತು ಮನೆಯಲ್ಲಿ ನಡೆದಿತ್ತೆಂದು ನನಗೆ ತಿಳಿದದ್ದು ಆಮೇಲೆ.

ನನಗೆ ಉತ್ತರವಿರಲಿಲ್ಲವೆಂದು ಹೇಳಿದೆ. ಕಾಕ್ತೊವಿಗೂ ಇದ್ದಂತೆ ತೋರುವುದಿಲ್ಲ. ಚಿತ್ರದ ಕೊನೆಯಲ್ಲಿ ಅವೆನಾಂ ಬಾಣ ತಗುಲಿ ಮೃಗದ ರೂಪದಲ್ಲಿ ಸಾಯುತ್ತಾನೆ. ಸಾಯುತ್ತಿದ್ದ ಮೃಗ ಚೆಲುವೆಯ ಒಲುಮೆಯ ನೋಟದಿಂದ ರಾಜಕುಮಾರನಾಗಿ ಏಳುತ್ತದೆ, ಅವೆನಾಂನ ಅದೇ ಮುಖ ಹೊತ್ತು! ಎಲ್ಲ ಕಥೆಗಳಲ್ಲಿಯೂ ಹುಡುಗಿ ಹಿಗ್ಗಬೇಕಾದ ಗಳಿಗೆ. ಝೋಸೆತ್ ದೇಯ ಮುಖದಲ್ಲಿ ಹಿಗ್ಗಿಲ್ಲ. ಅವಳು ಅವನನ್ನು ಅಪರಿಚಿತನಂತೆ ನೋಡುತ್ತಾಳೆ. ರೂಢಿ ಮಾಡಿಕೊಳ್ಳಬೇಕಾದೀತು ಎನ್ನುತ್ತಾಳೆ. ಮೃಗವನ್ನು ಮನುಷ್ಯರಿಗಿಂತ ಎಷ್ಟು ಮೇಲಾಗಿ ಮಾಡಬೇಕೆಂದರೆ, ಅದು ರಾಜಕುಮಾರನಾಗುವುದೇ ಅವಳಿಗೆ ನಿರಾಸೆಯಾಗಬೇಕು, ಎಲ್ಲರಂಥದೇ ಒಂದು ಸಂಸಾರಕ್ಕೆ ಅವಳು ಸಿಕ್ಕಿಬೀಳಬೇಕು ಎಂಬುದೇ ತನ್ನ ಉದ್ದೇಶವಾಗಿತ್ತೆಂದು ಕಾಕ್ತೊ ಹೇಳಿಕೊಂಡಿದ್ದಾನೆ. ಈ ದೃಶ್ಯ ಬಂದಾಗ ಹೆಸರಾದ ತಾರೆಯೊಬ್ಬಳು, ನನ್ನ ಮೃಗವನ್ನು ನನಗೆ ಹಿಂದಕ್ಕೆ ಕೊಡಿ ಎಂದು ಕೂಗಿದಳೆಂಬ ದಂತಕಥೆಯೂ ಉಂಟು. ಗಾರ್ಬೊ ಎನ್ನುವವರು ಕೆಲವರು, ಡೀಟ್ರಿಕ್ ಎನ್ನುವವರು ಕೆಲವರು. ಹೇಳುವವರ ಇಷ್ಟ.

ಈ ಚಿತ್ರದಿಂದ ಸಾಲ ಪಡೆದವರು ಬಹಳ ಮಂದಿ. 1991ರ ಡಿಸ್ನಿ ಚಿತ್ರದಲ್ಲಿ ಮನೆಯ ಸಾಮಾನುಗಳಿಗೆ ಜೀವ ಬರುವುದೂ, ರೂಪದ ಜಂಬದ ಒಬ್ಬ ಎದುರಾಳಿ ಬರುವುದೂ ಈ ಚಿತ್ರವನ್ನು ನೆನಪಿಸದಿರುವುದಿಲ್ಲ. ಆದರೆ ಅಲ್ಲಿ ರಾಜಕುಮಾರನಾದೊಡನೆ ಹಿಗ್ಗೋ ಹಿಗ್ಗು. 1994ರಲ್ಲಿ ಅಮೆರಿಕದ ಸಂಗೀತಗಾರ ಫಿಲಿಪ್ ಗ್ಲಾಸ್ ಚಿತ್ರದ ಧ್ವನಿಯನ್ನೆಲ್ಲ ತೆಗೆದು, ತುಟಿಗಳ ಚಲನೆಗೆ ಸರಿಯಾಗಿ ಹಾಡುಗಳನ್ನು ಕಟ್ಟಿ, ತೆರೆಯ ಮುಂದೆ ಗಾಯಕರನ್ನು ನಿಲ್ಲಿಸಿ ಇದನ್ನೊಂದು ಸಂಗೀತರೂಪಕ ಮಾಡಿದ. ಅಲೆಕಾನ್ ಮುದುಕನಾದ ಮೇಲೆ ಜರ್ಮನಿಯ ವಿಮ್ ವೆಂಡರ್ಸ್ 1987ರ ತನ್ನ ಚಿತ್ರಕ್ಕೆ ಅವನನ್ನು ಕರೆಸಿ, ಬರ್ಲಿನ್ನಿನ ಮೇಲೆ ಸುಳಿಯುವ ದೇವದೂತರನ್ನು ಕಪ್ಪುಬಿಳುಪಿನಲ್ಲಿ ತೆಗೆಸಿದ. ಆ ಚಿತ್ರದೊಳಗಿನ ಸರ್ಕಸ್ಸಿಗೆ ಅಲೆಕಾನನ ಹೆಸರನ್ನೇ ಇಟ್ಟ.

ಆ ಹುಡುಗಿ ಪರೀಕ್ಷೆ ಮುಗಿಸಿದಳು. ಮದುವೆ ಮುಂದಕ್ಕೆ ಹೋಯಿತೆಂದು ಕೇಳಿದೆ, ನಿಂತಿತೆಂದಲ್ಲ. ಹೊರಡುವ ಮುಂಚೆ ಗ್ರಂಥಾಲಯದ ಪುಸ್ತಕ ಹಿಂತಿರುಗಿಸಲು ಬಂದವಳು, ಚಿತ್ರದ ಪ್ರತಿ ಸಿಕ್ಕುವುದೆ ಎಂದು ಕೇಳಿದಳು. ಕಥೆಯನ್ನು ಒಪ್ಪಲಿಲ್ಲವಲ್ಲಮ್ಮ ಎಂದೆ. “ಒಪ್ಪಲಿಲ್ಲ ಸರ್. ಕಡೆಯಲ್ಲಿ ಅವಳ ಮುಖ ಇನ್ನೊಂದು ಸಲ ನೋಡಬೇಕು” ಎಂದಳು.